ಎಬಿಎಸ್ ದೀಪ ಹತ್ತಿದರೆ ಸೆನ್ಸರನ್ನೇ ಬದಲಿಸಬೇಕೇ?

ವಾಹನ ದುರಸ್ತಿಯ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಈ ಬಾರಿ ರಾಯಚೂರು, ಬಳ್ಳಾರಿ ಮತ್ತು ಕೊಪ್ಪಳ ಜಿಲ್ಲೆಗಳ ಓದುಗರು ಬರೆದ ಐದನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಐದೂ ಪತ್ರಗಳು, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಗಾಗಿ ಕಾರಿನ ಹಿಂದಿನ ಚಕ್ರದ ವೇಗವನ್ನು ಅಳೆಯುವ ಸೆನ್ಸರಿಗೆ ಸಂಬಂಧಿಸಿದವು. ಮೊದಲ ಪತ್ರಕ್ಕೆ ವಿವರವಾಗಿ ಉತ್ತರಿಸಿದ್ದು, ಉಳಿದವುಗಳಲ್ಲಿ ಅದನ್ನೇ ಮತ್ತೆ ಹೇಳಿಲ್ಲ.

ಪ್ರಶ್ನೆ: ಮಾನ್ಯರೇ, ನನ್ನ ಬಳಿ 2018ರ ಸಣ್ಣ ಡೀಸೆಲ್ ಕಾರಿದೆ, ಹಿಂದೆ ಡ್ರಮ್ ಬ್ರೇಕ್. ಭತ್ತದ ನಾಟಿಯ ದಿನಗಳಲ್ಲಿ ಕಾಲುವೆ ದಾರಿಯಲ್ಲಿ ಹೊಲಕ್ಕೆ ಓಡಾಡಿದ ಮೇಲೆ ಮೀಟರಿನಲ್ಲಿ ಹಳದಿ ಬಣ್ಣದ ಎಬಿಎಸ್ ದೀಪ ಹತ್ತಿಕೊಂಡಿತು, ಇನ್ನೂ ಆರಿಲ್ಲ. ಗ್ಯಾರೇಜಿನವರು ಸ್ಕ್ಯಾನರ್ ಹಚ್ಚಿ ನೋಡಿ, ಸಿ-0045 ಎಂಬ ಕೋಡ್ ಬಂದಿದೆ, ಹಿಂದಿನ ಎಡ ಚಕ್ರದ ಸೆನ್ಸರ್ ಹೋಗಿದೆ, ಬದಲಿಸಬೇಕು ಎಂದರು. ನಮ್ಮ ಅಳಿಯ ಟ್ರ್ಯಾಕ್ಟರ್ ಕೆಲಸ ಬಲ್ಲವನು. ನಾವೇ ಮನೆಯಲ್ಲಿ ಹಾಕಿಕೊಳ್ಳಬಹುದೇ? ಎಡ ಎಂದರೆ ಯಾವ ಕಡೆ ಎಂಬಲ್ಲಿಯೇ ನಮ್ಮಿಬ್ಬರಲ್ಲಿ ಒಮ್ಮತವಿಲ್ಲ.
— ಒಬ್ಬ ಓದುಗರು, ಸಿಂಧನೂರು

ಉತ್ತರ: ಎಡ–ಬಲದ ತಕರಾರನ್ನು ಮೊದಲು ಮುಗಿಸೋಣ. ವಾಹನದ ಎಡ, ಬಲ ಎಂದರೆ ಚಾಲಕನ ಆಸನದಲ್ಲಿ ಮುಂದಕ್ಕೆ ಮುಖ ಮಾಡಿ ಕುಳಿತವರ ಎಡ, ಬಲವೇ ಹೊರತು ಬಾನೆಟ್ಟಿನ ಎದುರು ನಿಂತು ನೋಡುವವರದ್ದಲ್ಲ. ನಮ್ಮ ಲಾರಿ ಚಾಲಕರ ಮಾತಿನಲ್ಲಿ ಹೇಳುವುದಾದರೆ ನಿಮ್ಮದು ಕ್ಲೀನರ್ ಸೈಡಿನ ಹಿಂದಿನ ಚಕ್ರ. ಅಮೆರಿಕದ ವಿಡಿಯೊ ನೋಡಿ ಕೆಲಸ ಕಲಿಯುವವರಿಗೆ ಇಲ್ಲಿ ಗೊಂದಲವಾಗುವುದುಂಟು, ಏಕೆಂದರೆ ಅಲ್ಲಿ ಡ್ರೈವರ್ ಸೈಡ್ ಎಂದರೆ ಎಡಗಡೆ, ನಮ್ಮಲ್ಲಿ ಬಲಗಡೆ. ಬಿಡಿಭಾಗ ತರಿಸುವಾಗ ಇದು ಅದಲುಬದಲಾದರೆ ತಂತಿಯ ಉದ್ದವೋ ಕ್ಲಿಪ್ಪುಗಳ ಜಾಗವೋ ಹೊಂದದೆ ಮತ್ತೊಮ್ಮೆ ಅಂಗಡಿಗೆ ಹೋಗಬೇಕಾಗುತ್ತದೆ.

ಇನ್ನು ಕೋಡಿನ ವಿಷಯ. ಸಿ-0045 ಎಂಬುದು ಹಲವು ಕಾರುಗಳಲ್ಲಿ ಹಿಂದಿನ ಎಡ ಚಕ್ರದ ವೇಗದ ಸಂಕೇತಕ್ಕೆ ಬಳಸುವ ಕೋಡ್. ಬಲ ಚಕ್ರದ್ದು ಸಿ-0050. ಈ ಕೋಡ್ ತಿಳಿಸುವುದು ಇಷ್ಟೇ: ಆ ಚಕ್ರದಿಂದ ಬರಬೇಕಾದ ಸಂಕೇತ ಬರುತ್ತಿಲ್ಲ, ಅಥವಾ ಬರುತ್ತಿರುವುದು ಉಳಿದ ಮೂರು ಚಕ್ರಗಳ ಸಂಕೇತಕ್ಕೆ ತಾಳೆಯಾಗುತ್ತಿಲ್ಲ. ಯಾವ ಚಕ್ರ ಎಂಬುದನ್ನು ಕೋಡ್ ತೋರಿಸುತ್ತದೆ. ಯಾವ ಭಾಗ ಎಂಬುದನ್ನು ತೋರಿಸುವುದಿಲ್ಲ. ಸಂಕೇತ ಹುಟ್ಟುವ ದಾರಿಯಲ್ಲಿ ಸೆನ್ಸರಿನ ಜೊತೆಗೆ ಅದರ ಎದುರು ತಿರುಗುವ ಉಂಗುರ, ಎರಡರ ನಡುವಿನ ಸುಮಾರು 1 ಮಿಲಿಮೀಟರ್ ಸಂದು, ಚಕ್ರದ ಬೇರಿಂಗ್, ಚಕ್ರದಿಂದ ಬಾಡಿಯೊಳಕ್ಕೆ ಹೋಗುವ ತಂತಿ ಮತ್ತು ಆ ತಂತಿಯ ಕನೆಕ್ಟರ್ ಇವಿಷ್ಟೂ ಇವೆ. ಇವುಗಳಲ್ಲಿ ಯಾವುದು ಹಾಳಾದರೂ ಸ್ಕ್ಯಾನರಿನ ಪರದೆಯ ಮೇಲೆ ಬಹುತೇಕ ಒಂದೇ ಮಾತು ಬರುತ್ತದೆ, ಗ್ಯಾರೇಜಿನಲ್ಲಿ ಅದನ್ನು ‘ಸೆನ್ಸರ್ ಹೋಗಿದೆ’ ಎಂದು ಓದಿಬಿಡುತ್ತಾರೆ. ನಾಟಿಯ ಕಾಲದಲ್ಲಿ ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರುಗಳು ಗದ್ದೆಯಿಂದ ರಸ್ತೆಗೆ ಎಳೆದು ತರುವ ಎರೆಮಣ್ಣಿನಲ್ಲಿ ಓಡಾಡಿದ ಕಾರಿನಲ್ಲಿ ನಾವಾದರೆ ಸೆನ್ಸರಿಗಿಂತ ಮೊದಲು ತಂತಿಯನ್ನು ಅನುಮಾನಿಸುತ್ತೇವೆ. ಎರೆಮಣ್ಣು ಹಸಿಯಿದ್ದಾಗ ಮಡ್‌ಗಾರ್ಡಿನ ಒಳಗೆಲ್ಲ ಮೆತ್ತಿಕೊಂಡು, ಬಿಸಿಲಿಗೆ ಒಣಗಿ ಗಟ್ಟಿಯಾಗಿ, ಗುಂಡಿಯಲ್ಲಿ ಚಕ್ರ ಕುಸಿದಾಗ ಹೆಂಟೆಯ ಸಮೇತ ತಂತಿಯನ್ನು ಕ್ಲಿಪ್ಪಿನಿಂದ ಕಿತ್ತುಕೊಂಡು ಬೀಳುತ್ತದೆ. ಕ್ಲಿಪ್ಪಿನಿಂದ ಬಿಟ್ಟುಕೊಂಡ ತಂತಿ ಟೈರಿಗೆ ಉಜ್ಜಿ ಸವೆಯಲು ಹೆಚ್ಚು ದಿನ ಬೇಕಿಲ್ಲ.

ಹೀಗಾಗಿ ಹೊಸ ಸೆನ್ಸರಿಗೆ ಹಣ ಕೊಡುವ ಮುಂಚೆ ಚಕ್ರ ಬಿಚ್ಚಿ ನೀರು ಹೊಡೆದು ಮಣ್ಣನ್ನೆಲ್ಲ ತೊಳೆಯಿರಿ. ಆಮೇಲೆ ತಂತಿಯನ್ನು ಸೆನ್ಸರಿನಿಂದ ಕನೆಕ್ಟರಿನವರೆಗೆ ಬೆರಳಿನಿಂದ ಸವರುತ್ತ ಹೋಗಿ ನೋಡಿ. ತರಚಿದ ಗುರುತು, ಒಂದೆಡೆ ಮಾತ್ರ ಮೆತ್ತಗಾಗಿರುವ ಜಾಗ, ಕನೆಕ್ಟರಿನೊಳಗೆ ಹಸಿರು ಬಣ್ಣದ ಕಿಲುಬು ಇವು ಕಂಡರೆ ದೋಷ ಅಲ್ಲಿಯೇ ಇದೆ ಎಂದು ಬಹುಮಟ್ಟಿಗೆ ಹೇಳಬಹುದು. ಇಗ್ನಿಷನ್ ಆಫ್ ಮಾಡಿಯೇ ಕನೆಕ್ಟರನ್ನು ಬಿಡಿಸಬೇಕು. ಕೆಲವು ಕಾರುಗಳಲ್ಲಿ ಕನೆಕ್ಟರ್ ಮಡ್‌ಗಾರ್ಡಿನ ಒಳಪದರದ ಹಿಂದೆ ಇರುತ್ತದೆ, ಇನ್ನು ಕೆಲವುಗಳಲ್ಲಿ ತಂತಿಯು ರಬ್ಬರ್ ಬುಶ್ ಮೂಲಕ ಬಾಡಿಯೊಳಗೆ ಹೋಗಿ ಹಿಂದಿನ ಸೀಟಿನ ಕೆಳಗೆ ಸೇರುತ್ತದೆ.

ಮಲ್ಟಿಮೀಟರ್ ಇದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು, ಆದರೆ ಇಲ್ಲಿ ಎರಡು ಜಾತಿಯ ಸೆನ್ಸರುಗಳಿವೆ ಎಂಬುದನ್ನು ಮರೆಯಬಾರದು. ಹಳೆಯ ಬಗೆಯದರಲ್ಲಿ ಅಯಸ್ಕಾಂತಕ್ಕೆ ಸುತ್ತಿದ ತಂತಿಯ ಸುರುಳಿಯೊಂದೇ ಇದ್ದು, ಎದುರಿನ ಕಬ್ಬಿಣದ ಉಂಗುರದ ಹಲ್ಲುಗಳು ಹಾದುಹೋದಂತೆಲ್ಲ ಅದರಲ್ಲಿ ಏರಿಳಿಯುವ ವಿದ್ಯುತ್ತು ತಾನಾಗಿಯೇ ಹುಟ್ಟುತ್ತದೆ. ಇದರ ಎರಡು ಪಿನ್ನುಗಳ ನಡುವೆ ಬಹುತೇಕ ಕಾರುಗಳಲ್ಲಿ 1,000ದಿಂದ 2,000 ಓಮ್‌ಗಳಷ್ಟು ರೋಧ ಸಿಗುತ್ತದೆ. ಸುರುಳಿ ತುಂಡಾಗಿದ್ದರೆ ಮೀಟರ್ ಏನನ್ನೂ ತೋರಿಸುವುದಿಲ್ಲ. ಪುಸ್ತಕದ ಅಂಕಿಗಿಂತ ನಂಬಬಹುದಾದ ಅಳತೆ ನಿಮ್ಮ ಕಾರಿನಲ್ಲೇ ಇದೆ: ಸರಿಯಾಗಿರುವ ಬಲ ಚಕ್ರದ ಸೆನ್ಸರನ್ನೂ ಅಳೆದು ಎರಡನ್ನೂ ಹೋಲಿಸಿ ನೋಡಿ. ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಚಕ್ರವನ್ನು ಕೈಯಿಂದ ಜೋರಾಗಿ ತಿರುಗಿಸಿದರೆ ಸಣ್ಣ ಪ್ರಮಾಣದ ವೋಲ್ಟೇಜ್ ಕೂಡ ಕಾಣಬೇಕು. ಹೊಸ ಬಗೆಯ ಸೆನ್ಸರಿನೊಳಗೆ ಇಲೆಕ್ಟ್ರಾನಿಕ್ ಚಿಪ್ ಇರುತ್ತದೆ. ಅದಕ್ಕೆ ಎಬಿಎಸ್ ಕಂಪ್ಯೂಟರಿನಿಂದ ವಿದ್ಯುತ್ ಪೂರೈಕೆಯಾಗುತ್ತದೆ, ಅದು ಸಾಮಾನ್ಯವಾಗಿ 7 ಮತ್ತು 14 ಮಿಲಿಆಂಪಿಯರ್‌ಗಳ ನಡುವೆ ಬದಲಾಗುವ ಕರೆಂಟಿನ ಮೂಲಕ ಚಕ್ರದ ಓಟವನ್ನು ತಿಳಿಸುತ್ತದೆ. ಇದಕ್ಕೆ ಓಮ್ ಮೀಟರ್ ಹಚ್ಚಬೇಡಿ. ಅದರಿಂದ ಉಪಯುಕ್ತವಾದ ಉತ್ತರ ಸಿಗುವುದಿಲ್ಲ, ಚಿಪ್ಪಿಗೆ ಹಾನಿಯಾಗುವ ಸಾಧ್ಯತೆಯೂ ಉಂಟು. ಅದರ ಬದಲು ಇಗ್ನಿಷನ್ ಆನ್ ಮಾಡಿ, ಬಾಡಿಯ ಕಡೆಯಿಂದ ಬರುವ ಕನೆಕ್ಟರಿನಲ್ಲಿ ವೋಲ್ಟೇಜ್ ಇದೆಯೇ ಎಂದು ನೋಡಿ. ವೋಲ್ಟೇಜ್ ಇಲ್ಲವಾದರೆ ಹೊಸ ಸೆನ್ಸರ್ ಹಾಕಿ ಪ್ರಯೋಜನವಿಲ್ಲ, ದೋಷ ಬಾಡಿಯೊಳಗಿನ ತಂತಿಯಲ್ಲೋ ಎಬಿಎಸ್ ಕಂಪ್ಯೂಟರಿನಲ್ಲೋ ಇರಬಹುದು.

ಇಷ್ಟೆಲ್ಲ ನೋಡಿದ ಮೇಲೂ ಸೆನ್ಸರೇ ಕೆಟ್ಟಿದೆ ಎಂದಾದರೆ, ಅಥವಾ ಸೆನ್ಸರಿಗೆ ಅಂಟಿಕೊಂಡೇ ಬರುವ ತಂತಿ ಸವೆದಿದೆ ಎಂದಾದರೆ, ಬದಲಿಸುವುದೇ ದಾರಿ. ಟ್ರ್ಯಾಕ್ಟರ್ ಬಿಚ್ಚಿ ಜೋಡಿಸುವ ಕೈಗೆ ಇದು ಮೀರಿದ ಕೆಲಸವಲ್ಲ. ಬ್ರೇಕ್ ಆಯಿಲಿನ ಕೊಳವೆಯನ್ನು ಎಲ್ಲಿಯೂ ಬಿಚ್ಚಬೇಕಾಗಿಲ್ಲವಾದ್ದರಿಂದ ಬ್ರೇಕಿನ ಗಾಳಿ ತೆಗೆಯುವ ಕೆಲಸವೂ ಇರುವುದಿಲ್ಲ. ಬಿಡಿಭಾಗವನ್ನು ಕಾರಿನ ಹೆಸರು ಹೇಳಿ ಕೇಳುವುದಕ್ಕಿಂತ ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಕೊಟ್ಟು ತೆಗೆದುಕೊಳ್ಳಿ. ಒಂದೇ ಹೆಸರಿನ ಕಾರಿನಲ್ಲಿ ವರ್ಷದಿಂದ ವರ್ಷಕ್ಕೆ ಸೆನ್ಸರಿನ ಜಾತಿಯೇ ಬದಲಾಗಿರುವುದುಂಟು, ನೋಡಲು ಒಂದೇ ತೆರನಾಗಿರುವ ಹಳೆಯ ಮತ್ತು ಹೊಸ ಬಗೆಯ ಸೆನ್ಸರುಗಳು ಒಂದರ ಜಾಗದಲ್ಲಿ ಇನ್ನೊಂದು ಕೆಲಸ ಮಾಡುವುದಿಲ್ಲ.

ಕೆಲಸಕ್ಕೆ ಜಾಗ ಮುಖ್ಯ. ಎರೆಮಣ್ಣಿನ ಮೇಲೆ ಜಾಕ್ ಊರಬೇಡಿ. ಮೇಲೆ ಒಣಗಿದಂತೆ ಕಂಡರೂ ಭಾರ ಬಿದ್ದಾಗ ಒಂದು ಬದಿಗೆ ಕುಸಿಯುತ್ತದೆ. ಸಿಮೆಂಟಿನ ಕಣವಿದ್ದರೆ ಅದರ ಮೇಲೆ ಕಾರು ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ–ಮುಂದೆ ಕಲ್ಲೋ ಮರದ ತುಂಡೋ ಅಡ್ಡ ಇಟ್ಟು, ಗೇರಿನಲ್ಲಿ ಹಾಕಿ. ನಿಮ್ಮದು ಮುಂದಿನ ಚಕ್ರಗಳಿಂದ ಓಡುವ ಕಾರಾಗಿದ್ದರೆ ಗೇರು ಮುಂದಿನ ಚಕ್ರಗಳನ್ನೇ ಹಿಡಿದಿರುತ್ತದೆ, ಹಿಂದಿನ ಚಕ್ರವನ್ನು ತಿರುಗಿಸಿ ನೋಡಲು ಹ್ಯಾಂಡ್ ಬ್ರೇಕ್ ಬಿಡಬಹುದು. ಚಕ್ರದ ನಟ್ಟುಗಳನ್ನು ಜಾಕ್ ಎತ್ತುವ ಮೊದಲೇ ಅರ್ಧ ಸುತ್ತು ಸಡಿಲಿಸಿಕೊಳ್ಳಿ. ಎತ್ತಿದ ಕಾರನ್ನು ಜಾಕಿನ ಮೇಲೆಯೇ ಬಿಟ್ಟು ಕೆಳಗೆ ಕೈ ಹಾಕುವ ರೂಢಿ ನಮ್ಮಲ್ಲಿ ಎಷ್ಟೇ ಹಳೆಯದಾಗಿದ್ದರೂ ಅದನ್ನು ಒಪ್ಪಲಾಗದು. ಆಕ್ಸಲ್ ಸ್ಟ್ಯಾಂಡ್ ಇಲ್ಲದಿದ್ದರೆ ಬಾಡಿಗೆಗೋ ಎರವಲಿಗೋ ತಂದು ಅದರ ಮೇಲೆ ಭಾರ ಕೂರಿಸಿದ ನಂತರವೇ ಮುಂದುವರಿಯಿರಿ.

ಈ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಹೊಸದನ್ನು ಹಾಕುವುದಲ್ಲ, ಹಳೆಯದನ್ನು ಹೊರತೆಗೆಯುವುದು. ಸೆನ್ಸರನ್ನು ಹಿಡಿದಿರುವುದು ಒಂದೇ ಒಂದು ಸಣ್ಣ ಬೋಲ್ಟ್, ಸಾಮಾನ್ಯವಾಗಿ 10ನೇ ನಂಬರಿನ ಪಾನಾ ಹಿಡಿಸುವಂಥದ್ದು. ಅದು ಸುಲಭವಾಗಿ ಬರುತ್ತದೆ, ಸೆನ್ಸರ್ ಬರುವುದಿಲ್ಲ. ಕಬ್ಬಿಣದ ರಂಧ್ರದ ಒಳಗೋಡೆ ತುಕ್ಕು ಹಿಡಿದು ಉಬ್ಬಿ ಪ್ಲಾಸ್ಟಿಕ್ಕಿನ ಸೆನ್ಸರನ್ನು ಸುತ್ತಲಿನಿಂದ ಅಮುಕಿ ಹಿಡಿದಿರುತ್ತದೆ. ತಿಂಗಳುಗಟ್ಟಲೆ ಹಸಿ ಕೆಸರು ಮೆತ್ತಿಕೊಂಡಿದ್ದ ನಿಮ್ಮ ಸೀಮೆಯ ಕಾರುಗಳಲ್ಲಿ ಇದನ್ನು ನಿರೀಕ್ಷಿಸಿಯೇ ಕೆಲಸಕ್ಕೆ ಇಳಿಯಬೇಕು. ಮೊದಲು ಬ್ರಶ್ಶಿನಿಂದ ಸುತ್ತಲೂ ಸ್ವಚ್ಛ ಮಾಡಿ, ಇಲ್ಲವಾದರೆ ಸೆನ್ಸರ್ ಹೊರಬಂದ ಕ್ಷಣ ಮಣ್ಣೆಲ್ಲ ರಂಧ್ರದೊಳಗೆ ಬಿದ್ದು ಉಂಗುರದ ಮೇಲೆ ಕೂರುತ್ತದೆ. ಬಳಿಕ ತುಕ್ಕು ಬಿಡಿಸುವ ಎಣ್ಣೆಯನ್ನು ಸೆನ್ಸರಿನ ಅಂಚಿಗೆ ಮಾತ್ರ, ಬ್ರೇಕ್ ಶೂಗಳಿಗೆ ಸಿಡಿಯದಂತೆ ಬಿಟ್ಟು, ಸಾವಕಾಶವಾಗಿ ಇಳಿಯಲು ಸಮಯ ಕೊಡಿ. ಆನಂತರ ಸೆನ್ಸರಿನ ಕಿವಿಯನ್ನು, ಅಂದರೆ ಬೋಲ್ಟ್ ಕೂರುವ ಚಾಚಿದ ಭಾಗವನ್ನು, ಪ್ಲೇಯರಿನಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಕೂದಲೆಳೆಯಷ್ಟು ತಿರುಗಿಸುತ್ತ ಹೋಗಿ. ತಿರುಗಲು ಶುರುವಾದರೆ ಅರ್ಧ ಕೆಲಸ ಮುಗಿದಂತೆ, ತಿರುಗಿಸುತ್ತಲೇ ಹೊರಗೆಳೆಯಬಹುದು. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಕಿವಿ ಮುರಿದು ದೇಹ ಒಳಗೇ ಉಳಿಯುತ್ತದೆ, ಬೆಂಕಿ ತೋರಿಸಿದರೆ ಬೇರಿಂಗಿನ ಸೀಲ್ ಮತ್ತು ಗ್ರೀಸ್ ಹಾಳಾಗುತ್ತವೆ.

ಒಂದು ವೇಳೆ ಮುರಿದೇ ಹೋದರೆ ಅವಸರದಲ್ಲಿ ಉಳಿದ ತುಂಡನ್ನು ಒಳಕ್ಕೆ ಬಡಿಯಬೇಡಿ. ಅದರ ಆಚೆ ಬದಿಯಲ್ಲಿ ಉಂಗುರವಿದೆ, ಅದಕ್ಕೆ ಪೆಟ್ಟು ಬಿದ್ದರೆ ಸೆನ್ಸರಿನ ಖರ್ಚು ಹಬ್ (ಚಕ್ರ ಕೂರುವ ನಡುಭಾಗ) ಅಥವಾ ಬೇರಿಂಗಿನ ಖರ್ಚಾಗಿ ಬೆಳೆಯುತ್ತದೆ. ಡ್ರಮ್ ಮತ್ತು ಹಬ್ ಬಿಚ್ಚಿ, ಒಳಗಡೆಯಿಂದ ಹೊರಕ್ಕೆ ತಳ್ಳಿ ತೆಗೆಯುವುದು ಸರಿಯಾದ ಕ್ರಮ. ಹಬ್ಬಿನ ನಟ್ಟನ್ನು ಕಂಪನಿ ಹೇಳಿದ ಬಿಗಿತಕ್ಕೆ ಮರಳಿ ಕೂರಿಸಲು ಟಾರ್ಕ್ ವ್ರೆಂಚ್ ಬೇಕಾಗುವುದರಿಂದ, ಕೆಲಸ ಇಲ್ಲಿಗೆ ಬಂದು ಮುಟ್ಟಿದರೆ ಗ್ಯಾರೇಜಿನವರಿಗೆ ಒಪ್ಪಿಸುವುದು ಮೇಲು.

ಹಳೆಯದು ಹೊರಬಂದ ಮೇಲೆ ರಂಧ್ರದ ಒಳಗೋಡೆಯನ್ನು ಎಮರಿ ಕಾಗದದಿಂದ ಉಜ್ಜಿ, ಪುಡಿಯನ್ನು ಒರೆಸಿ ತೆಗೆದು, ಟಾರ್ಚ್ ಹಿಡಿದು ಉಂಗುರವನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ. ಮುರಿದ ಹಲ್ಲು, ಬಿರುಕು, ಅಂಟಿದ ಕಬ್ಬಿಣದ ಪುಡಿ ಏನಾದರೂ ಇದ್ದರೆ ಕಾಣಿಸುವುದು ಈಗಲೇ. ಹೊಸ ಸೆನ್ಸರನ್ನು ಕೈಯಿಂದಲೇ ಒತ್ತಿ ಕೂರಿಸಬೇಕು. ಅದರ ಕಿವಿ ಲೋಹಕ್ಕೆ ಪೂರ್ತಿ ಅಂಟಿ ಕೂರದಿದ್ದರೆ ರಂಧ್ರ ಇನ್ನೂ ಸ್ವಚ್ಛವಾಗಿಲ್ಲವೆಂದು ಅರ್ಥ. ಬೋಲ್ಟ್ ಬಿಗಿದು ಎಳೆದು ಕೂರಿಸಲು ಹೋದರೆ ಕಿವಿ ಸೀಳುತ್ತದೆ. ಬೋಲ್ಟಿಗೆ ಬೇಕಾದ ಬಿಗಿತ ಬಹಳ ಕಾರುಗಳಲ್ಲಿ 8ರಿಂದ 10 ನ್ಯೂಟನ್ ಮೀಟರ್ ಮಾತ್ರ. ಟ್ರ್ಯಾಕ್ಟರಿನ ಬೋಲ್ಟುಗಳಿಗೆ ಒಗ್ಗಿದ ನಿಮ್ಮ ಅಳಿಯನಿಗೆ ಇದನ್ನು ಎರಡು ಸಲ ಹೇಳಿ.

ತಂತಿಯನ್ನು ಹಳೆಯದು ಹೋಗಿದ್ದ ದಾರಿಯಲ್ಲೇ, ಪ್ರತಿಯೊಂದು ಕ್ಲಿಪ್ಪಿಗೂ ಕೂರಿಸಿಕೊಂಡು ಒಯ್ಯಿರಿ; ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡಿದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಜಾಕ್ ಮೇಲೆ ಚಕ್ರ ಜೋತುಬಿದ್ದಿರುವಾಗ ತಂತಿ ಅತಿ ಹೆಚ್ಚು ಎಳೆತಕ್ಕೆ ಒಳಗಾಗಿರುತ್ತದೆ, ಆಗ ಅದು ಬಿಗಿಯಾಗಿರಬಾರದು. ಕಾರು ಇಳಿಸಿದ ಮೇಲೆ ಅದೇ ತಂತಿ ಸಡಿಲವಾಗಿ ಟೈರಿಗಾಗಲಿ ಸೈಲೆನ್ಸರ್ ಕೊಳವೆಗಾಗಲಿ ತಾಗುತ್ತಿಲ್ಲವೇ ಎಂದೂ ನೋಡಬೇಕು. ಮೊದಲ ಸೆನ್ಸರ್ ಯಾಕೆ ಹೋಯಿತು ಎಂಬುದರ ಉತ್ತರ ಅನೇಕ ವೇಳೆ ಕಳಚಿಹೋದ ಒಂದು ಕ್ಲಿಪ್ಪಿನಲ್ಲಿ ಇರುವುದರಿಂದ, ಎರಡನೆಯದಕ್ಕೆ ಅದೇ ಗತಿ ಬರಬಾರದೆಂದರೆ ಕ್ಲಿಪ್ಪಿನ ಬಗ್ಗೆ ಉದಾಸೀನ ಮಾಡಬಾರದು.

ಕೊನೆಗೆ ಸ್ಕ್ಯಾನರಿನಿಂದ ಹಳೆಯ ಕೋಡನ್ನು ಅಳಿಸಿ, ನಾಲ್ಕೂ ಚಕ್ರಗಳ ವೇಗವನ್ನು ಪರದೆಯ ಮೇಲೆ ಇಟ್ಟುಕೊಂಡು ನೇರವಾದ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ. ನಾಲ್ಕೂ ಅಂಕಿಗಳು ಒಂದಕ್ಕೊಂದು ಹತ್ತಿರವಾಗಿ ಏರಬೇಕು. ತಿರುವಿನಲ್ಲಿ ಹೊರಬದಿಯ ಚಕ್ರಗಳು ಹೆಚ್ಚು ದೂರ ಓಡುವುದರಿಂದ ಅಲ್ಲಿನ ವ್ಯತ್ಯಾಸವನ್ನು ದೋಷವೆಂದು ಎಣಿಸಬಾರದು. ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳಲ್ಲಿ ಬಹಳಷ್ಟು ಎಂಜಿನ್ನಿನ ಪಿ ಕೋಡುಗಳನ್ನು ಮಾತ್ರ ಓದುತ್ತವೆ, ಎಬಿಎಸ್ಸಿನ ಸಿ ಕೋಡುಗಳನ್ನು ಓದುವುದಿಲ್ಲ. ಕೊಳ್ಳುವ ಮುಂಚೆ ವಿಚಾರಿಸಿಕೊಳ್ಳಿ.

ಪ್ರಶ್ನೆ: ನಮ್ಮ ತಂದೆಯವರ ಹಳೆಯ ಕಾರಿಗೆ ಎಬಿಎಸ್ ಇರಲೇ ಇಲ್ಲ, ಇಪ್ಪತ್ತು ವರ್ಷ ಚೆನ್ನಾಗಿಯೇ ಓಡಿತು. ಈಗ ನನ್ನ ಕಾರಿನಲ್ಲಿ ಎಬಿಎಸ್ ದೀಪ ಉರಿಯುತ್ತಿದೆ, ಕೆಲವೊಮ್ಮೆ ಅದರ ಜೊತೆ ಕೆಂಪು ಬ್ರೇಕ್ ದೀಪವೂ ಹತ್ತುತ್ತದೆ. ಪರಿಚಯದ ಮೆಕ್ಯಾನಿಕ್ ಒಬ್ಬರು ಮೀಟರ್ ಬಿಚ್ಚಿ ದೀಪವನ್ನೇ ತೆಗೆದುಬಿಡೋಣ, ಬ್ರೇಕಿಗೇನೂ ಆಗುವುದಿಲ್ಲ ಎನ್ನುತ್ತಾರೆ. ಹಾಗೆ ಮಾಡಬಹುದೇ?
— ಒಬ್ಬ ಓದುಗರು, ಕುಷ್ಟಗಿ

ಉತ್ತರ: ಮಾಡಬಾರದು. ಹಳದಿ ದೀಪ ಒಂದೇ ಉರಿಯುತ್ತಿದ್ದರೆ ಪೆಡಲ್ ಒತ್ತಿದಾಗ ಬ್ರೇಕ್ ಎಂದಿನಂತೆ ಹಿಡಿಯುತ್ತದೆ ಎಂಬಷ್ಟರ ಮಟ್ಟಿಗೆ ಮೆಕ್ಯಾನಿಕ್ ಹೇಳಿದ್ದು ಸರಿ. ಜೋರಾಗಿ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ ಮಾತ್ರ ಇರುವುದಿಲ್ಲ. ಆದರೆ ನಿಮ್ಮ ತಂದೆಯವರ ಕಾರಿಗೂ ನಿಮ್ಮದಕ್ಕೂ ಒಂದು ವ್ಯತ್ಯಾಸವಿದೆ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರಾಗುವುದರಿಂದ, ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ತಗ್ಗಿಸಲು ಹಳೆಯ ಕಾರುಗಳಲ್ಲಿ ಪ್ರತ್ಯೇಕವಾದ ಒಂದು ವಾಲ್ವ್ ಇರುತ್ತಿತ್ತು. ಎಬಿಎಸ್ ಬಂದ ಮೇಲೆ ಈ ಕೆಲಸವನ್ನು ಅದರ ಕಂಪ್ಯೂಟರಿಗೇ ಒಪ್ಪಿಸಿ, ಬಹಳಷ್ಟು ಕಾರುಗಳಲ್ಲಿ ಆ ವಾಲ್ವನ್ನು ಕೈಬಿಡಲಾಗಿದೆ. ಕಂಪ್ಯೂಟರ್ ಮಾಡುವ ಈ ಕೆಲಸವನ್ನೇ ಇಬಿಡಿ ಎನ್ನುತ್ತಾರೆ. ಹಳದಿ ಮತ್ತು ಕೆಂಪು ದೀಪಗಳು ಜೊತೆಯಾಗಿ ಉರಿಯುತ್ತಿವೆ ಎಂದರೆ ಇಬಿಡಿ ಕೂಡ ನಿಂತಿರಬಹುದು. ಆಗ ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಮೊದಲೇ ಕಚ್ಚಿಕೊಂಡು ಕಾರಿನ ಹಿಂಭಾಗ ಅಡ್ಡಲಾಗಿ ತಿರುಗುವ ಅಪಾಯವಿದ್ದು, ಈ ಸ್ಥಿತಿಯಲ್ಲಿ ನಿಮ್ಮ ಕಾರು ಎಬಿಎಸ್ ಇಲ್ಲದ ಹಳೆಯ ಕಾರಿಗಿಂತಲೂ ಕಡಿಮೆ ಸುರಕ್ಷಿತ. ಕೆಂಪು ದೀಪಕ್ಕೆ ಬ್ರೇಕ್ ಆಯಿಲ್ ಕಡಿಮೆಯಾಗಿರುವುದೂ ಕಾರಣವಿರಬಹುದು, ಆದ್ದರಿಂದ ಇಂದೇ ಬಾನೆಟ್ ಎತ್ತಿ ಅದರ ಮಟ್ಟ ನೋಡಿ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಗ್ಯಾರೇಜಿಗೆ ಒಯ್ಯುವವರೆಗೆ ರಾಷ್ಟ್ರೀಯ ಹೆದ್ದಾರಿ 50ರ ವೇಗದ ಓಡಾಟವನ್ನು, ಮಳೆಯಲ್ಲಂತೂ ಖಂಡಿತವಾಗಿ, ಬಿಟ್ಟುಬಿಡಿ.

ಪ್ರಶ್ನೆ: ಸಂಡೂರಿನಿಂದ ತೋರಣಗಲ್ಲಿಗೆ ಅದಿರು ಲಾರಿಗಳ ದಾರಿಯಲ್ಲೇ ದಿನವೂ ಓಡಾಡುತ್ತೇನೆ. ಹಿಂದಿನ ಬಲ ಚಕ್ರದ ಸೆನ್ಸರನ್ನು ಬದಲಿಸಿದ ಮೇಲೂ ಕೆಲವು ದಿನಗಳಲ್ಲಿ ದೀಪ ಮರಳಿ ಬಂದಿದೆ. ಇನ್ನೊಂದು ವಿಚಿತ್ರವೆಂದರೆ, ಒಣ ರಸ್ತೆಯಲ್ಲಿ ನಿಧಾನವಾಗಿ ಬಂದು ನಿಲ್ಲಿಸುವಾಗ ಕೊನೆಯ ಕ್ಷಣದಲ್ಲಿ ಬ್ರೇಕ್ ಪೆಡಲ್ ಗರಗರ ಎಂದು ಪಾದದ ಕೆಳಗೆ ನಡುಗುತ್ತದೆ. ಅದಿರಿನ ಧೂಳು ಸೆನ್ಸರಿನ ಅಯಸ್ಕಾಂತಕ್ಕೆ ಅಂಟಿರಬಹುದೇ?
— ಒಬ್ಬ ಓದುಗರು, ಸಂಡೂರು

ಉತ್ತರ: ನೀವು ವಿಚಿತ್ರವೆಂದು ಬರೆದಿರುವ ಲಕ್ಷಣವೇ ಎಲ್ಲಕ್ಕಿಂತ ಹೆಚ್ಚು ವಿಷಯವನ್ನು ಹೇಳುತ್ತಿದೆ. ಒಣ ರಸ್ತೆಯಲ್ಲಿ ಹಗುರಾಗಿ ಬ್ರೇಕ್ ಒತ್ತಿದಾಗ ಎಬಿಎಸ್ ಕೆಲಸ ಮಾಡಲು ಕಾರಣವೇ ಇಲ್ಲ. ಆದರೂ ಮಾಡುತ್ತಿದೆ ಎಂದರೆ ಯಾವುದೋ ಒಂದು ಚಕ್ರ ಹಠಾತ್ತನೆ ನಿಂತಿತೆಂದು ಕಂಪ್ಯೂಟರಿಗೆ ತಪ್ಪು ಸಂಕೇತ ಹೋಗುತ್ತಿದೆ. ಉಂಗುರದಲ್ಲಿ ಬಿರುಕು ಬಿಟ್ಟು ಎರಡು ಹಲ್ಲುಗಳ ನಡುವಿನ ಅಂತರ ಹಿಗ್ಗಿದ್ದರೆ, ಅಥವಾ ಹಲ್ಲುಗಳ ಸಂದಿಯಲ್ಲಿ ಗಟ್ಟಿಯಾಗಿ ಏನೋ ತುಂಬಿಕೊಂಡಿದ್ದರೆ ಹೀಗಾಗುತ್ತದೆ. ವೇಗದಲ್ಲಿ ಓಡುವಾಗ ಒಂದು ಹಲ್ಲಿನ ಲೋಪ ಅಷ್ಟಾಗಿ ತೋರುವುದಿಲ್ಲ. ಚಕ್ರ ನಿಧಾನವಾದಂತೆ ಆ ಒಂದು ಲೋಪ ಹೆಚ್ಚು ಹೊತ್ತಿನದಾಗಿ, ಚಕ್ರವೇ ಕಚ್ಚಿಕೊಂಡಂತೆ ತೋರುತ್ತದೆ. ಸೆನ್ಸರ್ ಎಷ್ಟೇ ಹೊಸದಾಗಿದ್ದರೂ ಅದು ಎದುರಿಗೆ ಇರುವ ಉಂಗುರವನ್ನಷ್ಟೇ ಓದಬಲ್ಲದು. ನಿಮ್ಮ ಮೊದಲ ಸೆನ್ಸರ್ ಬಹುಶಃ ಕೆಟ್ಟೇ ಇರಲಿಲ್ಲ. ಅದನ್ನು ಎಸೆದಿಲ್ಲದಿದ್ದರೆ ಇಟ್ಟುಕೊಳ್ಳಿ.

ಅದಿರಿನ ಧೂಳಿನ ಬಗ್ಗೆ ಬಳ್ಳಾರಿ ಸೀಮೆಯ ಹಲವರು ಕೇಳುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಸಂಡೂರು ಬೆಟ್ಟಗಳಲ್ಲಿ ಸಿಗುವ ಅದಿರು ಮುಖ್ಯವಾಗಿ ಹೆಮಟೈಟ್. ಅದರಲ್ಲಿ ಕಬ್ಬಿಣದ ಅಂಶ ಹೇರಳವಾಗಿದ್ದರೂ ಅಯಸ್ಕಾಂತ ಅದನ್ನು ಬಹಳ ಕ್ಷೀಣವಾಗಿ ಮಾತ್ರ ಸೆಳೆಯುತ್ತದೆ. ನಿಮ್ಮ ಕಾರಿನ ಮೈಯೆಲ್ಲ ಕೆಂಪಾಗಿಸುವ ಆ ಧೂಳು ಸೆನ್ಸರಿಗೆ ಅಯಸ್ಕಾಂತದ ಸೆಳೆತದಿಂದ ಅಂಟುತ್ತದೆ ಎನ್ನುವುದು ಅಷ್ಟು ಸರಿಯಲ್ಲ. ಮಳೆನೀರಿನೊಡನೆ ಕಲಸಿಕೊಂಡು ಹಲ್ಲುಗಳ ನಡುವೆ ಗಾರೆಯಂತೆ ಗಟ್ಟಿಯಾಗುವುದು ಅದರ ನಿಜವಾದ ಉಪದ್ರವ. ಬಲವಾಗಿ ಅಂಟಿಕೊಳ್ಳುವುದು ಬೇರೆ ಪುಡಿ: ನಿಮ್ಮದೇ ಬ್ರೇಕ್ ಡ್ರಮ್ ಅಥವಾ ಡಿಸ್ಕ್ ಸವೆದು ಉದುರುವ ಬೀಡು ಕಬ್ಬಿಣದ ಕಣಗಳು, ಮತ್ತು ಉಕ್ಕಿನ ಕಾರ್ಖಾನೆಯ ಸುತ್ತ ಸಿಗುವ, ಬಿಸಿ ಉಕ್ಕಿನ ಮೇಲಿನಿಂದ ಕಳಚಿದ ಕಪ್ಪು ಪೊರೆಯ ಪುಡಿ. ಸೆನ್ಸರಿನ ತುದಿಯಲ್ಲಿ ಕಪ್ಪಾದ ಮುಳ್ಳುಮುಳ್ಳಾದ ಗಡ್ಡ ಬೆಳೆದಂತೆ ಕಂಡರೆ ಅದು ಇಂಥದ್ದು. ಬಟ್ಟೆಯಿಂದ ಒರೆಸಿ ತೆಗೆಯಬಹುದು, ಅದಕ್ಕಾಗಿ ಸೆನ್ಸರ್ ಬದಲಿಸಬೇಕಿಲ್ಲ. ಪ್ರತಿ ಬಾರಿ ಹಿಂದಿನ ಬ್ರೇಕ್ ಸ್ವಚ್ಛ ಮಾಡಿಸುವಾಗ ಈ ತುದಿಯನ್ನೂ ಉಂಗುರವನ್ನೂ ಒರೆಸಿರೆಂದು ಹೇಳಿ. ಬಿರುಕು ಬಿಟ್ಟ ಉಂಗುರವನ್ನು ಅಂಟು ಹಾಕಿ ಕೂರಿಸಿಕೊಡುವವರು ಇದ್ದಾರೆ, ಆದರೆ ಬ್ರೇಕಿಗೆ ಸಂಬಂಧಿಸಿದ ಭಾಗದಲ್ಲಿ ಅದನ್ನು ನಾವು ಸೂಚಿಸುವುದಿಲ್ಲ.

ಪ್ರಶ್ನೆ: ಕಾರನ್ನು ಅಕ್ಕಿ ಗಿರಣಿಯ ಆವರಣದಲ್ಲಿ ನಿಲ್ಲಿಸುತ್ತೇವೆ. ಇಲಿಗಳು ಹಿಂದಿನ ಚಕ್ರದ ಸೆನ್ಸರಿನ ತಂತಿಯನ್ನು ಕಡಿದಿವೆ. ಸೆನ್ಸರ್ ಬದಲಿಸದೆ ತಂತಿಯನ್ನಷ್ಟೇ ಜೋಡಿಸಿದರೆ ಸಾಲದೇ?
— ಒಬ್ಬ ಓದುಗರು, ಗಂಗಾವತಿ

ಉತ್ತರ: ಎಲ್ಲಿ ಕಡಿದಿವೆ ಎಂಬುದರ ಮೇಲೆ ಇದು ನಿಂತಿದೆ. ಬಾಡಿಯ ಒಳಗೆ, ಅಂದರೆ ಹಿಂದಿನ ಸೀಟಿನ ಕೆಳಗೋ ಡಿಕ್ಕಿಯ ಪಕ್ಕದಲ್ಲೋ ಅಲುಗಾಡದ ಜಾಗದಲ್ಲಿ ತುಂಡಾಗಿದ್ದರೆ ಜೋಡಿಸಬಹುದು. ಎರಡು ಎಳೆಗಳ ಜೋಡಣೆಯೂ ಅಕ್ಕಪಕ್ಕದಲ್ಲಿ ಬರದಂತೆ ಒಂದನ್ನು ಹಿಂದೆ, ಒಂದನ್ನು ಮುಂದೆ ಮಾಡಿ, ಬಿಸಿಗೆ ಕುಗ್ಗಿ ಒಳಗಿನ ಅಂಟಿನಿಂದ ನೀರು ತಡೆಯುವ ಕೊಳವೆಯನ್ನು ಮೇಲೆ ಕೂರಿಸಬೇಕು. ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ಬೇಸಿಗೆಯ ಕಾವಿಗೆ ಅದು ಬಿಟ್ಟುಕೊಳ್ಳುತ್ತದೆ. ಎರಡು ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದರೆ ಹೆಣಿಗೆಯನ್ನು ಹಾಗೆಯೇ ಉಳಿಸಿ, ಏಕೆಂದರೆ ಅಕ್ಕಪಕ್ಕದ ತಂತಿಗಳಿಂದ ಬರುವ ವಿದ್ಯುತ್ ಗದ್ದಲವನ್ನು ಅದು ತಡೆಯುತ್ತದೆ. ಚಿಪ್ ಇರುವ ಸೆನ್ಸರಾದರೆ ಎರಡು ಎಳೆಗಳು ಅದಲುಬದಲಾಗಬಾರದು. ಆದರೆ ಬಾಡಿಗೂ ಚಕ್ರಕ್ಕೂ ನಡುವೆ, ಪ್ರತಿ ಗುಂಡಿಗೂ ಬಾಗಿ ಏಳುವ ಭಾಗದಲ್ಲಿ ಕಡಿದಿದ್ದರೆ ಜೋಡಣೆ ನಿಲ್ಲುವುದಿಲ್ಲ. ಬೆಸುಗೆ ಹಾಕಿದ ಜಾಗ ಗಡುಸಾಗಿ ಅದರ ಪಕ್ಕದಲ್ಲೇ ತಂತಿ ಮತ್ತೆ ತುಂಡಾಗುತ್ತದೆ. ಆ ಭಾಗದ ತಂತಿ ಸೆನ್ಸರಿನೊಡನೆ ಒಂದೇ ಆಗಿ ಬರುವುದರಿಂದ ಅಲ್ಲಿ ಪೂರ್ತಿ ಬದಲಿಸುವುದೇ ಕಡಿಮೆ ಖರ್ಚಿನದು. ಇಲಿಗಳಿಗೆ ಬಾನೆಟ್ಟಿನೊಳಗೆ ತಂಬಾಕಿನ ಎಲೆ ಇಡುವವರನ್ನು ನಾವೂ ನೋಡಿದ್ದೇವೆ. ತೌಡಿನ ಚೀಲಗಳ ಪಕ್ಕದಿಂದ ಕಾರನ್ನು ದೂರ ನಿಲ್ಲಿಸುವುದರ ಮೇಲೆಯೇ ನಮಗೆ ಹೆಚ್ಚು ನಂಬಿಕೆ.

ಪ್ರಶ್ನೆ: ಹಿಂದಿನ ಚಕ್ರ ಗೂಂಯ್ ಎಂದು ಸದ್ದು ಮಾಡುತ್ತಿತ್ತೆಂದು ಹೊಸ ಬೇರಿಂಗ್ ಹಾಕಿಸಿದೆ. ಸದ್ದು ನಿಂತಿತು, ಆದರೆ ಗ್ಯಾರೇಜಿನಿಂದ ಹೊರಟ ಸ್ವಲ್ಪ ದೂರದಲ್ಲೇ ಎಬಿಎಸ್ ದೀಪ ಹತ್ತಿತು. ಈಗ ಸೆನ್ಸರ್ ಕೂಡ ಬದಲಿಸಬೇಕು ಎನ್ನುತ್ತಿದ್ದಾರೆ.
— ಒಬ್ಬ ಓದುಗರು, ರಾಯಚೂರು

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ಈಚಿನ ಹಲವು ಕಾರುಗಳಲ್ಲಿ ಹಲ್ಲಿನ ಉಂಗುರವೇ ಇರುವುದಿಲ್ಲ. ಅದರ ಬದಲು ಬೇರಿಂಗಿನ ಒಂದು ಬದಿಯ ಸೀಲಿನಲ್ಲಿ ಉತ್ತರ, ದಕ್ಷಿಣ ಧ್ರುವಗಳು ಒಂದಾದ ಮೇಲೊಂದು ಬರುವಂತೆ ಮಾಡಿದ ಅಯಸ್ಕಾಂತದ ಪಟ್ಟಿಯಿರುತ್ತದೆ. ಬೇರಿಂಗಿನ ಎರಡೂ ಬದಿ ನೋಡಲು ಒಂದೇ ರೀತಿ ಕಾಣುವುದರಿಂದ ಅದನ್ನು ತಿರುವುಮುರುವಾಗಿ ಪ್ರೆಸ್ ಮಾಡಿ ಕೂರಿಸಿಬಿಡುವುದು ಸಾಧ್ಯ. ಆಗ ಚಕ್ರ ಸಲೀಸಾಗಿ ತಿರುಗುತ್ತದೆ, ಸದ್ದೂ ಇರುವುದಿಲ್ಲ, ಸೆನ್ಸರಿಗೆ ಮಾತ್ರ ಓದಲು ಏನೂ ಸಿಗುವುದಿಲ್ಲ. ಅಯಸ್ಕಾಂತದ ಪಟ್ಟಿಯೇ ಇಲ್ಲದ ಬೇರಿಂಗನ್ನು ಅಂಗಡಿಯವರು ಕೊಟ್ಟಿದ್ದರೂ ಇದೇ ಫಲ. ಸೆನ್ಸರನ್ನು ಬಿಚ್ಚಿ ಆ ರಂಧ್ರದ ಮೂಲಕ ಒಂದು ಸಣ್ಣ ಗುಂಡುಸೂಜಿಯನ್ನು ದಾರಕ್ಕೆ ಕಟ್ಟಿ ಸೀಲಿನ ಬಳಿ ಹಿಡಿಯಲು ಹೇಳಿ. ಪಟ್ಟಿಯಿದ್ದರೆ ಸೂಜಿ ಮೆಲ್ಲಗೆ ಅದರ ಕಡೆಗೆ ಸೆಳೆಯಲ್ಪಡುತ್ತದೆ. ಸೆಳೆಯದಿದ್ದರೆ ಬೇರಿಂಗನ್ನು ಹೊರತೆಗೆಯಬೇಕಾಗುತ್ತದೆ, ಮತ್ತು ಪ್ರೆಸ್ ಮಾಡಿ ತೆಗೆದ ಬೇರಿಂಗನ್ನು ತಿರುಗಿಸಿ ಮತ್ತೆ ಬಳಸುವಂತಿಲ್ಲವಾದ್ದರಿಂದ ಇನ್ನೊಂದು ಹೊಸದೇ ಬೇಕು. ಆ ಖರ್ಚು ಯಾರದ್ದು ಎಂಬ ಮಾತುಕತೆಗೆ ನಿಮ್ಮ ಬಳಿ ಬಿಲ್ ಇರಲಿ, ಹೊಸ ಬೇರಿಂಗಿನ ಡಬ್ಬಿಯ ಮೇಲಿನ ಪಾರ್ಟ್ ನಂಬರಿನ ಫೋಟೊ ಕೂಡ ಇರಲಿ.